ಸರ್ಫಿಂಗ್‌ಗೆಂದು ಕಡಲಿಗಿಳಿಯುವವರಿಗೆ: ಸುರಕ್ಷತೆ ಮತ್ತು ಮರ್ಯಾದೆಯ ಸಮಗ್ರ ಮಾರ್ಗದರ್ಶಿ

ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದಾಗ ನಮ್ಮ ಕರಾವಳಿಯವರಿಗೇ ಸರ್ಫಿಂಗ್ ಎಂದರೆ ಟಿ.ವಿ.ಯಲ್ಲಿ ಕಾಣುವ ಹೊರದೇಶದ ಆಟ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯುವ ಹೊತ್ತಿಗೆ ಕಡಲ ದಂಡೆಯ ತುಂಬ ಜನ. ಈಗ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತಿ, ಶನಿವಾರ ಬೆಳಿಗ್ಗೆ ಮೂಲ್ಕಿಯಲ್ಲೋ ಗೋಕರ್ಣದಲ್ಲೋ ಬೋರ್ಡು ಹಿಡಿದು ನೀರಿಗಿಳಿಯುವವರು ಎಷ್ಟೋ ಮಂದಿ. ಬಹಳ ಸಂತೋಷದ ಸಂಗತಿ. ಆದರೆ ಬೋರ್ಡಿನ ಮೇಲೆ ಎದ್ದು ನಿಲ್ಲುವುದನ್ನು ಎರಡು ದಿನದಲ್ಲಿ ಕಲಿಸಿಬಿಡಬಹುದು. ಎಲ್ಲಿ ನಿಲ್ಲಬೇಕು, ಯಾವಾಗ ಬಿಟ್ಟುಕೊಡಬೇಕು, ಯಾವ ದಿನ ನೀರಿಗೆ ಇಳಿಯಲೇಬಾರದು ಎಂಬುದಕ್ಕೆ ಅಷ್ಟು ಸಮಯ ಸಾಲದು. ಈ ಬರಹ ಆ ಭಾಗಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುರಕ್ಷತೆ ಬೇರೆ, ಮರ್ಯಾದೆ ಬೇರೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸುರಕ್ಷತೆ ನಮ್ಮ ಜೀವಕ್ಕೆ, ಮರ್ಯಾದೆ ಒಳ್ಳೆಯ ಹೆಸರಿಗೆ ಎಂಬ ಲೆಕ್ಕ. ನೀರಿನಲ್ಲಿ ಅವೆರಡೂ ಒಂದೇ. ಸರ್ಫಿಂಗ್‌ನಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಬೋರ್ಡು ಬಡಿದು ಆಗುವಂಥವು. ಆ ಬೋರ್ಡು ನಿಮ್ಮದೇ ಇರಬಹುದು, ಪಕ್ಕದವರದ್ದೂ ಇರಬಹುದು. ಯಾರ ಅಲೆ, ಯಾರ ದಾರಿ ಎಂಬ ನಿಯಮಗಳೆಲ್ಲ ಹುಟ್ಟಿಕೊಂಡದ್ದು ತಲೆ ಒಡೆಯದಿರಲಿ ಎಂದೇ.

ಮನೆ ಬಿಡುವ ಮೊದಲು

ಈಜು ಬರಲೇಬೇಕಾ? ಸೊಂಟದ ಮಟ್ಟದ ನೀರಿನಲ್ಲಿ, ಶಿಕ್ಷಕರು ಪಕ್ಕದಲ್ಲೇ ನಿಂತು ಬೋರ್ಡು ತಳ್ಳಿಕೊಡುವ ಮೊದಲ ಪಾಠಕ್ಕೆ ಈಜು ಬರದವರನ್ನೂ ಕರೆದುಕೊಳ್ಳುವವರಿದ್ದಾರೆ. ಅದರಾಚೆ ಹೋಗಬೇಕೆಂದರೆ ನನ್ನ ಉತ್ತರ ಒಂದೇ: ಈಜು ಬೇಕು. ಈಜುಕೊಳದಲ್ಲಿ ನಿಲ್ಲದೆ 200 ಮೀಟರ್ ಈಜಿ, ಆಮೇಲೆ ಐದು ನಿಮಿಷ ಕಾಲೂರದೆ ತೇಲಿಕೊಂಡಿರಲು ಆಗಬೇಕು. ಬೋರ್ಡು ಇದೆಯಲ್ಲ ಎಂಬ ಧೈರ್ಯ ಬೇಡ. ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಹಗ್ಗ ತುಂಡಾಗುವುದುಂಟು. ತುಂಡಾದ ಕ್ಷಣದಿಂದ ನೀವು ಬರೀ ಈಜುಗಾರರು, ಅದೂ ಅಲೆ ಒಡೆಯುವ ಜಾಗದಲ್ಲಿ.

ಇನ್ನು ಋತು. ಮಳೆಗಾಲದ ಅರಬ್ಬಿ ಸಮುದ್ರ ಹೊಸಬರಿಗೆ ಅಲ್ಲವೇ ಅಲ್ಲ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಮಲ್ಪೆಯಂಥ ಬೀಚುಗಳಲ್ಲಿ ಜನ ನೀರಿಗಿಳಿಯದಂತೆ ದಂಡೆಯುದ್ದಕ್ಕೂ ಬಲೆಯ ಬೇಲಿ ಕಟ್ಟುತ್ತಾರೆ. ಸೆಪ್ಟೆಂಬರ್ ಕೊನೆಯ ತನಕ ಕಡಲಿನ ಕೋಪ ಪೂರ್ತಿ ಇಳಿಯುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲೆಗಳು ಸಣ್ಣವು, ಕಲಿಯುವವರಿಗೆ ಹೇಳಿ ಮಾಡಿಸಿದ ಕಾಲ. ಏಪ್ರಿಲ್-ಮೇಯಲ್ಲಿ ಮತ್ತೆ ಬಲ ಬರುತ್ತದೆ. ರಾಷ್ಟ್ರಮಟ್ಟದ ಸ್ಪರ್ಧೆಗಳನ್ನು ಇಲ್ಲಿ ಮೇ ಕೊನೆಯ ಆಸುಪಾಸಿನಲ್ಲಿ ಇಡುವುದು ಇದಕ್ಕೇ. ಸ್ಪರ್ಧೆಯ ವಿಡಿಯೊ ನೋಡಿ ಅದೇ ವಾರ ಅದೇ ಜಾಗಕ್ಕೆ ಕಲಿಯಲು ಬರಬೇಡಿ.

ಹಾಗೆಂದು ಶಾಂತ ಋತುವನ್ನು ಪೂರ್ತಿ ನಂಬುವಂತೆಯೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲವಲ್ಲ.

ಅಲೆಯ ಮುನ್ಸೂಚನೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೈದರಾಬಾದಿನ ಇನ್‌ಕಾಯಿಸ್ (INCOIS) ಎಂಬ ಸಾಗರ ಮಾಹಿತಿ ಸಂಸ್ಥೆ ನಮ್ಮ ಕರಾವಳಿಗೆ ಅಲೆಯ ಎತ್ತರ ಮತ್ತು ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಸರ್ಫರ್‌ಗಳು ಬಳಸುವ ಆ್ಯಪ್‌ಗಳೂ ಬೇಕಾದಷ್ಟಿವೆ. ಹೊಸಬರು ಎತ್ತರವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಪಕ್ಕದಲ್ಲಿ ಸೆಕೆಂಡುಗಳಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಸಮಯ ಅದು. ಮೂರು ಅಡಿ, 6 ಸೆಕೆಂಡು ಎಂದಿದ್ದರೆ ಹತ್ತಿರದ ಗಾಳಿಗೆ ಎದ್ದ ಚಿಲ್ಲರೆ ಅಲೆಗಳು. ಅದೇ ಮೂರು ಅಡಿ, 14 ಸೆಕೆಂಡು ಎಂದಿದ್ದರೆ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿ ಕಳಿಸಿದ ಅಲೆ. ಅದರ ಹಿಂದಿರುವ ನೀರಿನ ರಾಶಿ ಎಷ್ಟೋ ಪಾಲು ಹೆಚ್ಚು, ದಡದ ಹತ್ತಿರ ಬಂದಾಗ ಎದ್ದು ನಿಲ್ಲುವುದೂ ಹೆಚ್ಚು. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ತಿಳಿ. ಆದರೂ ಕಡಲು ಒಮ್ಮಿಂದೊಮ್ಮೆಲೆ ಉಕ್ಕಿ ಬರುತ್ತದೆ. ಕೇರಳದ ಮೀನುಗಾರರು ಕಳ್ಳಕ್ಕಡಲ್ ಎನ್ನುವುದು ಇದನ್ನೇ. ಏಪ್ರಿಲ್-ಮೇಯಲ್ಲಿ ಅದರ ಎಚ್ಚರಿಕೆ ಬಂದ ದಿನ ಬೋರ್ಡು ಶೆಡ್ಡಿನಲ್ಲೇ ಇರಲಿ.

ಗಾಳಿಯ ಲೆಕ್ಕ ಸುಲಭ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖ ನುಣುಪಾಗಿರುತ್ತದೆ. ಬಿಸಿಲೇರಿದಂತೆ ದಿಕ್ಕು ತಿರುಗಿ ಕಡಲಗಾಳಿ ಎದ್ದು ನೀರು ಕಲಕುತ್ತದೆ. ಹಾಗಾಗಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಮುಗಿಸಿಕೊಳ್ಳುವುದು ಚೆಂದ. ಹಿಂದಿನ ರಾತ್ರಿ ಕುಡಿದವರು ಆ ಬೆಳಿಗ್ಗೆ ಮಲಗಿಯೇ ಇರಲಿ.

ಬೋರ್ಡು ಮತ್ತು ಲೀಶ್

ಕಲಿಯುವವರಿಗೆ ಎಂಟರಿಂದ ಒಂಬತ್ತು ಅಡಿಯ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡೇ ಸರಿ. ಗಟ್ಟಿ ಫೈಬರ್ ಬೋರ್ಡು ನೋಡಲು ಚೆಂದ, ಬಡಿದರೆ ಮೂಗು ಮುರಿಯುತ್ತದೆ. ಫೋಮ್ ಬೋರ್ಡಾದರೂ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್‌ಗಳಿರುತ್ತವೆ. ಅವು ಬಿರುಕು ಬಿಟ್ಟಿದ್ದರೆ, ಅಂಚು ಹರಿತವಾಗಿದ್ದರೆ ಬದಲಾಯಿಸಿಕೊಡಲು ಕೇಳಿ.

ಲೀಶ್ ಬೋರ್ಡಿನಷ್ಟೇ ಉದ್ದ ಇರಬೇಕು, ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ. ಅದನ್ನು ಹಿಂದಿಡುವ ಕಾಲಿನ ಹರಡಿನ ಮೇಲೆ, ಹಗ್ಗ ಹೊರಮೈಗೆ ಬರುವಂತೆ ಕಟ್ಟಿ. ವೆಲ್ಕ್ರೊದಲ್ಲಿ ಮರಳು ಸಿಕ್ಕಿಕೊಂಡಿದ್ದರೆ ಹಿಡಿತ ಬರುವುದಿಲ್ಲ, ತೊಳೆದು ಕಟ್ಟಿ. ಬೆರಳಿನಲ್ಲಿ ಇಡೀ ಹಗ್ಗವನ್ನು ಒಮ್ಮೆ ಸವರಿ ನೋಡಿ. ಎಲ್ಲಾದರೂ ಗೀರು ಸಿಕ್ಕಿದರೆ ತುಂಡಾಗುವುದು ಅಲ್ಲಿಂದಲೇ. ನಡೆಯುವಾಗ ಎಡವದಿರಲೆಂದು ಹಗ್ಗವನ್ನು ಕೈಗೆ ಸುತ್ತಿಕೊಳ್ಳುವವರಿದ್ದಾರೆ. ಹಾಗೆ ಸುತ್ತಿಕೊಂಡೇ ನೀರಿಗಿಳಿದು ಅಲೆ ಬೋರ್ಡನ್ನು ಎಳೆದರೆ ಬೆರಳು ಹೋಯಿತೆಂದೇ ಲೆಕ್ಕ.

ಈಗ ಒಂದು ಕೂಡುವ ಲೆಕ್ಕ. ಎಂಟು ಅಡಿ ಬೋರ್ಡು, ಎಳೆದರೆ ಇನ್ನೂ ಉದ್ದವಾಗುವ ಎಂಟು ಅಡಿ ಲೀಶ್, ಜೊತೆಗೆ ನಿಮ್ಮ ಮೈಯುದ್ದ. ಎಲ್ಲ ಸೇರಿ ಇಪ್ಪತ್ತು ಅಡಿಗೂ ಮಿಗಿಲು. ನೀವು ಬಿದ್ದಾಗ ನಿಮ್ಮ ಬೋರ್ಡು ಎಲ್ಲಿಯವರೆಗೆ ಹಾರಬಹುದೋ ಅದು ಆ ದೂರ. ಅಷ್ಟರೊಳಗೆ ಯಾರೂ ಇರಬಾರದು.

ಮರಳಿನ ಮೇಲೆ ಕಾಲು ಗಂಟೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಅದು ಇದಾಗಲಿ. ನೀರಿಗಿಳಿಯುವ ಮೊದಲು ಹದಿನೈದು-ಇಪ್ಪತ್ತು ನಿಮಿಷ ದಂಡೆಯಲ್ಲಿ ಕೂತು ನೋಡಿ. ಸ್ವಲ್ಪ ಎತ್ತರದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಐದು ನಿಮಿಷ ಸಾಲದು, ಏಕೆಂದರೆ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಮೊಣಕಾಲೆತ್ತರದ ಅಲೆ ನೋಡಿ ಇಳಿದವರ ಮೇಲೆ ಹನ್ನೊಂದನೆಯ ನಿಮಿಷಕ್ಕೆ ಎದೆಯೆತ್ತರದ ನಾಲ್ಕೈದು ಅಲೆ ಒಂದರ ಹಿಂದೊಂದು ಬರಬಹುದು.

ಏನೇನು ನೋಡಬೇಕು?

ಮೊದಲು ರಿಪ್, ಅಂದರೆ ದಡದಿಂದ ಕಡಲಿಗೆ ಹರಿಯುವ ಸೆಳೆತ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸು ಹೋಗಲೇಬೇಕಲ್ಲ? ಮರಳ ದಿಬ್ಬಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ಅದು ಕಾಲುವೆಯಾಗಿ ಹರಿಯುತ್ತದೆ. ಎರಡೂ ಕಡೆ ಬಿಳಿನೊರೆ ಎದ್ದು ಅಲೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ, ನೀರು ಸ್ವಲ್ಪ ಕಡುಬಣ್ಣ. ಕೆಲವೊಮ್ಮೆ ಮರಳು ಕದಡಿ ಕಂದು ಬಣ್ಣದ ನೀರು, ನೊರೆ, ಕಸಕಡ್ಡಿ ಹೊರಗೆ ತೇಲಿಹೋಗುತ್ತಿರುವುದು ಕಾಣುತ್ತದೆ. ನೀರಿನ ಪರಿಚಯವಿಲ್ಲದವರು ಮಕ್ಕಳನ್ನು ಕರೆದುಕೊಂಡು ಇಳಿಯುವುದು ಆ ಶಾಂತ ಪಟ್ಟಿಗೇ. ಅಲೆ ಇಲ್ಲ, ಆದ್ದರಿಂದ ಅಪಾಯ ಇಲ್ಲ ಎಂದು ಅವರ ನಂಬಿಕೆ. ಅಲ್ಲಿಗೆ ಯಾರಾದರೂ ಇಳಿಯುತ್ತಿರುವುದು ಕಂಡರೆ ಹೋಗಿ ಹೇಳಿ, ಸಂಕೋಚ ಬೇಡ.

ಮಳೆಗಾಲ ಕಳೆದ ಮೇಲೆ ಮರಳ ದಿಬ್ಬಗಳ ಜಾಗ ಬದಲಾಗಿರುತ್ತದೆ, ಕಳೆದ ವರ್ಷದ ರಿಪ್ ಈ ವರ್ಷ ಅಲ್ಲೇ ಇರಬೇಕೆಂದಿಲ್ಲ. ಬಂಡೆ, ತಡೆಗೋಡೆಗಳ ಪಕ್ಕದ ಸೆಳೆತ ಮಾತ್ರ ಹೆಚ್ಚುಕಡಿಮೆ ಕಾಯಂ. ಕಾಪು ದೀಪಸ್ತಂಭದ ಬಂಡೆಗಳು, ಗೋಕರ್ಣದ ಕುಡ್ಲೆ, ಓಂ ಬೀಚಿನ ಬಂಡೆಗಳ ಪಕ್ಕ ಇದನ್ನು ನೆನಪಿಡಿ.

ಇನ್ನೊಂದು, ಅಳಿವೆ ಬಾಗಿಲು. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುತ್ತವೆ. ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ನದಿಗಳು. ಅಲೆ ಚೆಂದ ಒಡೆಯುವುದು ಇಂಥ ಕಡೆಯೇ, ಏಕೆಂದರೆ ನದಿ ತಂದ ಮರಳು ಕೂತಿರುತ್ತದೆ. ಆದರೆ ಇಳಿತ ಶುರುವಾಯಿತೆಂದರೆ ಹೊಳೆಯ ನೀರು, ಹಿನ್ನೀರು ಎಲ್ಲ ಒಟ್ಟಿಗೆ ಕಡಲ ಕಡೆ ಓಡುತ್ತದೆ. ನಮ್ಮಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು ಆರು ಗಂಟೆಯ ಅಂತರ. ಭರತ ಎಷ್ಟು ಗಂಟೆಗೆ ಎಂದು ತಿಳಿದುಕೊಂಡೇ ಅಳಿವೆಯ ಹತ್ತಿರ ಇಳಿಯಿರಿ. ಹೊಸಬರು ಅಳಿವೆಯಿಂದ ಕನಿಷ್ಠ ಕೆಲವು ನೂರು ಮೀಟರ್ ದೂರ ಇರಬೇಕು.

ಮೂರನೆಯದು ಬಲೆ. ಇದನ್ನು ಹೊರದೇಶದ ಯಾವ ಸರ್ಫಿಂಗ್ ಪಾಠವೂ ನಿಮಗೆ ಹೇಳಿಕೊಡುವುದಿಲ್ಲ. ನಮ್ಮ ದಂಡೆ ಮೀನುಗಾರರ ದುಡಿಮೆಯ ಜಾಗ. ಕೈರಂಪಣಿ ಬಲೆ ಹಾಕುವಾಗ ನಾಡದೋಣಿಯೊಂದು ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಕಡಲಿನಲ್ಲಿ ದೊಡ್ಡ ಅರ್ಧಚಂದ್ರ ಬಿಡಿಸಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಸಾಲುಗಟ್ಟಿ ನಿಂತ ಜನ ಹಗ್ಗವನ್ನು ಸೊಂಟಕ್ಕೆ ಆನಿಸಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾರೆ. ಹಗ್ಗ ನೀರಿನ ಮಟ್ಟದಲ್ಲೇ ಬಿಗಿದಿರುತ್ತದೆ, ಎದುರು ಬಿಸಿಲಿದ್ದರೆ ಕಣ್ಣಿಗೇ ಕಾಣದು. ಅದಕ್ಕೆ ನಿಮ್ಮ ಫಿನ್ ಸಿಕ್ಕಿಕೊಂಡರೆ ಬಲೆ ಹರಿಯುತ್ತದೆ, ಹಿಂದಿನ ಅಲೆ ನಿಮ್ಮನ್ನು ಹಗ್ಗದ ಮೇಲೆ ಒಗೆಯುತ್ತದೆ. ದಂಡೆಯಲ್ಲಿ ಹಗ್ಗ ಕಂಡರೆ ಹಿರಿಯರೊಬ್ಬರ ಹತ್ತಿರ ಹೋಗಿ "ಅಣ್ಣಾ, ಬಲೆ ಎಲ್ಲಿವರೆಗೆ ಉಂಟು?" ಎಂದು ಕೇಳಿ. ಅವರು ಕೈ ತೋರಿಸಿ ಹೇಳುತ್ತಾರೆ. ಸಾಮಾನ್ಯವಾಗಿ ಅದರ ಜೊತೆಗೆ ನೀರು ಇವತ್ತು ಹೇಗಿದೆ, ಎಲ್ಲಿ ಎಳೆತ ಜೋರು ಎಂಬುದೂ ಬರುತ್ತದೆ. ಆ ಮಾಹಿತಿ ಯಾವ ಆ್ಯಪಿನಲ್ಲೂ ಸಿಗದು. ಬಲೆ ದಡ ಸೇರುವವರೆಗೆ ಕಾಯಿರಿ. ಅವಸರ ನಮಗೆ ಆಟದ್ದು, ಅವರಿಗೆ ಊಟದ್ದು.

ಕೊನೆಯದಾಗಿ ದಡದಲ್ಲಿ ಒಂದು ಗುರುತು ಹಿಡಿಯಿರಿ: ಒಂಟಿ ತೆಂಗಿನಮರ, ನೀರಿನ ಟ್ಯಾಂಕ್, ಕೆಂಪು ಹೆಂಚಿನ ಮನೆ, ಯಾವುದಾದರೂ ಆದೀತು. ನೀರಿನಲ್ಲಿ ಕೂತು ಆಗಾಗ ಅದನ್ನು ನೋಡಿ. ಅದು ಪಕ್ಕಕ್ಕೆ ಸರಿದಿದ್ದರೆ ನೀರು ನಿಮ್ಮನ್ನು ಸರಿಸಿದೆ ಎಂದರ್ಥ.

ಲೈಫ್‌ಗಾರ್ಡ್ ಇರುವ ಬೀಚುಗಳಲ್ಲಿ ಬಾವುಟ ನೋಡಿ. ಪಡುಬಿದ್ರಿ, ಕಾಸರಕೋಡುಗಳಂಥ, ಸ್ವಚ್ಛತೆ-ಸುರಕ್ಷತೆಗೆ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಬೀಚುಗಳಲ್ಲಿ ಈಜುವವರಿಗೆಂದೇ ಜಾಗ ಗುರುತು ಮಾಡಿರುತ್ತಾರೆ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಈಜುವವರದ್ದು, ಬೋರ್ಡು ಅಲ್ಲಿಗೆ ಹೋಗಬಾರದು. ಬರೀ ಕೆಂಪು ಹಾರುತ್ತಿದ್ದರೆ ನೀರಿಗೆ ಇಳಿಯಲೇಬಾರದು. ಲೈಫ್‌ಗಾರ್ಡ್ ಬೇಡ ಎಂದರೆ ಬೇಡ. ಇನ್ನೂರು ಮೀಟರ್ ನಡೆದು ಅವರ ಕಣ್ಣು ತಪ್ಪಿಸಿ ಇಳಿಯುವುದು ಜಾಣತನವಲ್ಲ, ಅಲ್ಲಿ ಏನಾದರೂ ಆದರೆ ಬರುವವರೂ ಅವರೇ.

ನೀರಿಗಿಳಿಯುವುದು

ಬೋರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಮೂತಿಯನ್ನು ಕಡಲಿಗೆ ನೇರವಾಗಿಸಿ ನಡೆಯಿರಿ. ಬೋರ್ಡು ಎಂದೂ ನಿಮಗೂ ಅಲೆಗೂ ನಡುವೆ ಅಡ್ಡವಾಗಿ ಇರಬಾರದು. ಮೊಣಕಾಲೆತ್ತರದ ಅಲೆಗೂ ಅಡ್ಡ ಹಿಡಿದ ಬೋರ್ಡನ್ನು ಹೊಟ್ಟೆಗೆ ಗುದ್ದುವಷ್ಟು ಬಲ ಇರುತ್ತದೆ. ಹೊಸಬರಿಗೆ ಮೊದಲ ಪೆಟ್ಟು ಬೀಳುವುದು ಬಹುತೇಕ ಹೀಗೆಯೇ.

ಹೆಜ್ಜೆ ಎತ್ತಿ ಇಡದೆ ಪಾದವನ್ನು ಮರಳಿನ ಮೇಲೆ ಎಳೆಯುತ್ತ ನಡೆಯಿರಿ. ಮರಳಿನಲ್ಲಿ ಹೂತುಕೊಂಡಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ತುಳಿದರೆ ಮಾತ್ರ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಚುಚ್ಚಿದರೆ ಕಾಲನ್ನು ತಡೆದುಕೊಳ್ಳಬಹುದಾದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿರಬಹುದು, ಆಸ್ಪತ್ರೆಗೆ ಹೋಗಲೇಬೇಕು. ಲೋಳೆಮೀನು ಅಂದರೆ ಜೆಲ್ಲಿಫಿಶ್ ತಾಗಿದರೆ ಕಡಲ ನೀರಿನಲ್ಲೇ ತೊಳೆದು, ಅಂಟಿಕೊಂಡ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಮರಳು ಹಾಕಿ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆ.

ಬಿಳಿನೊರೆ ಎದುರಾದಾಗ, ಸಣ್ಣದಾದರೆ ಕೈಯೂರಿ ಎದೆ ಎತ್ತಿ ನೊರೆಯನ್ನು ಮೈ ಮತ್ತು ಬೋರ್ಡಿನ ನಡುವಿನಿಂದ ಹೋಗಲು ಬಿಡಿ. ದೊಡ್ಡದಾದರೆ ಬೋರ್ಡಿನ ಎರಡೂ ಅಂಚು ಗಟ್ಟಿಯಾಗಿ ಹಿಡಿದು ಬೋರ್ಡಿನ ಸಮೇತ ಮಗುಚಿಕೊಳ್ಳಿ. ನೀವು ಅಡಿಗೆ, ಬೋರ್ಡು ಮೇಲೆ. ಅಲೆ ಮೇಲಿನಿಂದ ಹಾದುಹೋದ ಮೇಲೆ ಮತ್ತೆ ಮಗುಚಿ ಮೇಲೆ ಬನ್ನಿ. ಅಲೆ ಕಂಡ ಹೆದರಿಕೆಗೆ ಬೋರ್ಡನ್ನು ಎಸೆದು ನೀರಿಗೆ ಮುಳುಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ನಿಮ್ಮ ಹಿಂದೆ ಪ್ಯಾಡಲ್ ಮಾಡುತ್ತ, ಅಂದರೆ ಬೋರ್ಡಿನ ಮೇಲೆ ಮಲಗಿ ಕೈಯಿಂದ ನೀರು ತಳ್ಳುತ್ತ ಬರುತ್ತಿರುವವರ ಮುಖದ ಎತ್ತರಕ್ಕೇ ಆ ಬೋರ್ಡು ಹಾರುತ್ತದೆ.

ಬೀಳುವುದನ್ನು ಕಲಿಯಿರಿ

ಬೀಳುವುದು ಖಚಿತ, ಹಾಗಾಗಿ ಸರಿಯಾಗಿ ಬೀಳಬೇಕು. ನಮ್ಮ ಬೀಚುಗಳಲ್ಲಿ ಅಲೆ ಒಡೆಯುವುದು ಬಹುಮಟ್ಟಿಗೆ ಆಳವಿಲ್ಲದ ಮರಳ ದಿಬ್ಬದ ಮೇಲೆ. ತಲೆ ಮುಂದಾಗಿ ಹಾರಿದರೆ ಕುತ್ತಿಗೆಯ ಮೂಳೆಗೆ ಕುತ್ತು. ಬೆನ್ನಿನ ಮೇಲೋ ಪಕ್ಕಕ್ಕೋ, ಮೈ ಚಪ್ಪಟೆಯಾಗಿ ಹರಡಿ, ಬೋರ್ಡಿನಿಂದ ದೂರಕ್ಕೆ, ಅಲೆಯ ಹಿಂಭಾಗದ ಕಡೆಗೆ ಬೀಳಿ. ಮುಳುಗಿದ ಕೂಡಲೇ ಎರಡೂ ತೋಳುಗಳಿಂದ ತಲೆ, ಮುಖ ಮುಚ್ಚಿಕೊಳ್ಳಿ. ಮೇಲೆ ಬರುವಾಗ ಒಂದು ಕೈ ತಲೆಯ ಮೇಲೆ ಚಾಚಿರಲಿ, ಬೋರ್ಡು ಅಲ್ಲೇ ತೇಲುತ್ತಿರಬಹುದು. ತಲೆ ಹೊರಬಂದದ್ದೇ ಕಡಲ ಕಡೆ ತಿರುಗಿ ಮುಂದಿನ ಅಲೆ ನೋಡಿ, ಆಮೇಲೆ ಬೋರ್ಡು ಎಳೆದುಕೊಳ್ಳಿ.

ನೀರಿನಡಿ ಉರುಳಾಡುವಾಗ ಬಹಳ ಹೊತ್ತಾದಂತೆ ಅನ್ನಿಸುತ್ತದೆ. ನಿಜವಾಗಿ ನಮ್ಮ ಸಣ್ಣ ಅಲೆಗಳಲ್ಲಿ ಅದು ಕೆಲವೇ ಸೆಕೆಂಡು. ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ. ಐದು ಎನ್ನುವುದರೊಳಗೆ ಸಾಮಾನ್ಯವಾಗಿ ಮೇಲಿರುತ್ತೀರಿ. ಎಣಿಕೆಗೆ ಗಾಬರಿಯನ್ನು ತಡೆಯುವ ಶಕ್ತಿ ಇದೆ.

ಯಾರ ಅಲೆ?

ಅಲೆ ಮೊಟ್ಟಮೊದಲು ಒಡೆಯಲು ಶುರುವಾಗುವ ಜಾಗಕ್ಕೆ ಪೀಕ್ ಎನ್ನುತ್ತಾರೆ. ಅಲ್ಲಿಂದ ಅಲೆ ಎಡಕ್ಕೋ ಬಲಕ್ಕೋ, ಕೆಲವೊಮ್ಮೆ ಎರಡೂ ಕಡೆಗೆ ಒಡೆಯುತ್ತ ಹೋಗುತ್ತದೆ. ಎಡ-ಬಲವನ್ನು ದಡಕ್ಕೆ ಮುಖ ಮಾಡಿ ಸವಾರಿ ಮಾಡುವವರ ಲೆಕ್ಕದಲ್ಲಿ ಹೇಳಬೇಕು.

ಮೂಲ ನಿಯಮ ಇದು: ಪೀಕ್‌ಗೆ ಅತಿ ಹತ್ತಿರ ಇರುವವರದ್ದು ಆ ಅಲೆ. ಒಂದು ಅಲೆಗೆ, ಒಂದು ದಿಕ್ಕಿಗೆ ಒಬ್ಬರೇ. ಅವರು ಎದ್ದು ಬರುತ್ತಿರುವಾಗ ಅವರ ಮುಂದೆ ನೀವೂ ಅದೇ ಅಲೆಗೆ ಇಳಿದರೆ ಅದು ಡ್ರಾಪ್ ಇನ್. ಇಡೀ ಪ್ರಪಂಚದ ಸರ್ಫರ್‌ಗಳು ಒಪ್ಪಿಕೊಂಡ ಮೊದಲ ಅಪರಾಧ. ಏಕೆ ಎಂದು ನೋಡಿ. ಹಿಂದಿನವರು ವೇಗದಲ್ಲಿ ಬರುತ್ತಿದ್ದಾರೆ. ಅವರ ಒಂದು ಪಕ್ಕ ಒಡೆಯುತ್ತಿರುವ ನೀರು, ಮುಂದೆ ನೀವು. ಅವರಿಗೆ ಹೋಗಲು ಜಾಗವೇ ಇಲ್ಲ.

ಪ್ರತಿ ಅಲೆಗೂ ಹೀಗೆ ಮಾಡಿ. ಅಲೆ ಹಿಂದಿನಿಂದ ಎತ್ತತೊಡಗಿದಾಗ ಪ್ಯಾಡಲ್ ಮಾಡುತ್ತಲೇ ಪೀಕ್ ಇರುವ ಕಡೆ ಭುಜದ ಮೇಲಿಂದ ತಿರುಗಿ ನೋಡಿ. ಯಾರೂ ಇಲ್ಲವೇ? ಈಗ ಹೋಗುವ ಕಡೆ, ಕೆಳಗೆ ನೋಡಿ. ಪ್ಯಾಡಲ್ ಮಾಡುತ್ತ ಎದುರು ಬರುವವರು, ಈಜುವವರು ಇಲ್ಲವೇ? ಏಳುವ ಮೊದಲು ಮತ್ತೊಮ್ಮೆ ಪೀಕ್ ಕಡೆ. ಯಾರಾದರೂ ಎದ್ದಿದ್ದರೆ ಕೂಡಲೇ ಬೋರ್ಡಿನ ಹಿಂತುದಿಗೆ ಜಾರಿ, ಮೂತಿ ಎತ್ತಿ, ಅಲೆಯನ್ನು ಬಿಟ್ಟುಬಿಡಿ. ಸಂದೇಹ ಇದ್ದರೂ ಬಿಡಿ. ಎರಡೂ ಕಡೆ ಒಡೆಯುವ ಅಲೆಯಾದರೆ "ಲೆಫ್ಟ್!", "ರೈಟ್!" ಎಂದು ಜೋರಾಗಿ ಕೂಗಿ, ಒಬ್ಬರು ಅತ್ತ, ಒಬ್ಬರು ಇತ್ತ ಹೋಗಬಹುದು. ಮೆಲ್ಲಗೆ ಹೇಳಿದರೆ ಕೇಳದು, ಕಡಲಿನಲ್ಲಿ ಕೂಗುವುದು ಒರಟುತನವಲ್ಲ.

ಪ್ಯಾಡಲ್ ಮಾಡಿ ಹೊರಗೆ ಹೋಗುವವರಿಗೂ ನಿಯಮ ಇದೆ. ಅಲೆ ಏರಿ ಬರುತ್ತಿರುವವರಿಗೆ ದಾರಿ ಬಿಡಬೇಕಾದ್ದು ಹೊರಗೆ ಹೋಗುತ್ತಿರುವವರು. ಹಾಗಾಗಿ ಅಲೆ ಒಡೆಯುವ ನಡುಮಧ್ಯದಲ್ಲಿ ಹೋಗಬೇಡಿ, ಪಕ್ಕದಿಂದ ಸುತ್ತಿಕೊಂಡು ಹೋಗಿ. ಸ್ವಲ್ಪ ದೂರ ಹೆಚ್ಚಾಗುತ್ತದೆ, ಆದರೆ ಆಯಾಸ ಕಡಿಮೆ. ನಡುವೆ ಸಿಕ್ಕಿಹಾಕಿಕೊಂಡಾಗ ಎದುರಿಂದ ಯಾರೋ ಸವಾರಿ ಮಾಡುತ್ತ ಬಂದರೆ? ಮನಸ್ಸು ಅಲೆಯ ಒಡೆಯದ ಕಡೆ, ಸುಲಭದ ಕಡೆ ಓಡು ಎನ್ನುತ್ತದೆ. ಅವರು ಬರುವುದೂ ಅದೇ ಕಡೆಗೆ. ನೀವು ಈಗಾಗಲೇ ಒಡೆದ ಬಿಳಿನೊರೆಯ ಕಡೆ ತಿರುಗಬೇಕು. ನೊರೆ ನಿಮ್ಮನ್ನು ಹಿಂದಕ್ಕೆ ಒಗೆಯಬಹುದು, ಒಗೆಯಲಿ.

ಸುತ್ತಿಕೊಂಡು ಹೋಗಿ ಪ್ರತಿ ಸಲ ಬೇರೆಯವರಿಗಿಂತ ಪೀಕ್‌ಗೆ ಹತ್ತಿರ ಕೂರುವುದು ನಿಯಮದ ಅಕ್ಷರಕ್ಕೆ ಸರಿ, ನ್ಯಾಯಕ್ಕೆ ಸರಿಯಲ್ಲ. ಒಂದು ಅಲೆ ಹಿಡಿದು ಬಂದಿರಾ, ಮುಂದಿನದ್ದು ಕಾಯುತ್ತಿರುವವರಿಗೆ ಬಿಡಿ. ಉದ್ದನೆ ಬೋರ್ಡು ಇದ್ದವರಿಗೆ ಎಲ್ಲ ಅಲೆಯೂ ಬೇಗ ಸಿಗುತ್ತದೆ. ಸಣ್ಣ ಬೋರ್ಡಿನವರು ಕಾಯುತ್ತಲೇ ಇರಬೇಕಾಗುತ್ತದೆ. ಇದು ಎಲ್ಲಕ್ಕಿಂತ ಹೆಚ್ಚಾಗಿ ಬಾಡಿಗೆ ಬೋರ್ಡಿನಲ್ಲಿ ಸ್ವಲ್ಪ ಕೈ ಪಳಗಿದವರು ಗಮನಿಸಬೇಕಾದ ವಿಷಯ. ಊರಿನ ಹುಡುಗರು ಶಾಲೆಗೆ, ಕೆಲಸಕ್ಕೆ ಹೋಗುವ ಮೊದಲು ಸಿಗುವ ಒಂದು ಗಂಟೆಗೆ ನೀರಿಗೆ ಬಂದಿರುತ್ತಾರೆ. ಬಂದ ಕೂಡಲೇ ಪೀಕ್‌ಗೆ ಹೋಗಿ ಕೂರದೆ, ಒಂದು ನಗು, ಒಂದು ನಮಸ್ಕಾರ, ಸ್ವಲ್ಪ ಹೊತ್ತು ಅಂಚಿನಲ್ಲಿ ಕೂತು ನೋಡುವುದು. ಅಷ್ಟರಲ್ಲಿ ಅವರೇ "ಇದು ನಿಮಗೆ, ಹೋಗಿ ಹೋಗಿ" ಎಂದು ಕರೆಯುತ್ತಾರೆ.

ತಪ್ಪಾಗುತ್ತದೆ. ಆದಾಗ ಅಲ್ಲೇ, ಆಗಲೇ ಕ್ಷಮೆ ಕೇಳಿ. ಪೆಟ್ಟಾಗಿದೆಯೇ ಎಂದು ವಿಚಾರಿಸಿ. ಅವರ ಬೋರ್ಡಿಗೆ ಬಿರುಕು ಬಿದ್ದಿದ್ದರೆ ರಿಪೇರಿ ಖರ್ಚು ನಿಮ್ಮದು.

ಕಲಿಯುವವರು ಒಳಗಿನ ಬಿಳಿನೊರೆಯಲ್ಲೇ ಇರಬೇಕು, ಅದು ಅವರ ಜಾಗ. ಅಲ್ಲಿನ ಕಷ್ಟ ಬೇರೆ: ಪ್ರವಾಸಿಗಳು. ಸೊಂಟದ ಮಟ್ಟದ ನೀರಿನಲ್ಲಿ ಕೈಕೈ ಹಿಡಿದು ನಿಂತ ಕುಟುಂಬ, ಕಡಲಿಗೆ ಬೆನ್ನು ಮಾಡಿ ಫೋಟೊಗೆ ನಿಂತವರು, ಅಪ್ಪನ ಹೆಗಲ ಮೇಲಿನ ಮಗು. ನೀವು ಬರುತ್ತಿರುವುದು ಅವರಿಗೆ ಕಾಣುವುದಿಲ್ಲ, ಬೋರ್ಡು ಗುದ್ದುತ್ತದೆ ಎಂಬ ಅರಿವೂ ಇರುವುದಿಲ್ಲ. ಅವರು ಸರಿಯಲಿ ಎಂದು ನಿರೀಕ್ಷಿಸುವಂತಿಲ್ಲ, ಸರಿಯಬೇಕಾದವರು ನಾವೇ. ಜನ ಕಡಿಮೆ ಇರುವ ಕಡೆಗೆ ನೂರು ಹೆಜ್ಜೆ ನಡೆದು ಹೋಗಿ. ಯಾರಾದರೂ ದಾರಿಯಲ್ಲಿ ಬಂದರೆ ಬೋರ್ಡಿನಿಂದ ಇಳಿದು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಸೆಳೆತಕ್ಕೆ ಸಿಕ್ಕಿದರೆ

ರಿಪ್ ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಈ ಒಂದು ವಿಷಯ ತಿಳಿದಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಬಲವಾದ ಸೆಳೆತ ಸೆಕೆಂಡಿಗೆ 2 ಮೀಟರ್ ವೇಗ ಮುಟ್ಟಬಹುದು. ಅದಕ್ಕೆ ಎದುರಾಗಿ ದಡಕ್ಕೆ ಈಜಲು ಹೋದರೆ ಪಳಗಿದ ಈಜುಗಾರನೂ ಸೋಲುತ್ತಾನೆ. ಜನ ಸಾಯುವುದು ಹಾಗೆ ಸುಸ್ತಾಗಿ.

ಮೊದಲು ಬೋರ್ಡಿನ ಮೇಲೆ ಮಲಗಿ. ಲೀಶ್ ಬಿಚ್ಚಬೇಡಿ, ಬೋರ್ಡು ಬಿಡಬೇಡಿ, ಅದೇ ನಿಮ್ಮ ತೆಪ್ಪ. ಉಸಿರು ಹಿಡಿತಕ್ಕೆ ಬಂದ ಮೇಲೆ ಎಡಕ್ಕೂ ಬಲಕ್ಕೂ ನೋಡಿ. ಎಲ್ಲಿ ಬಿಳಿನೊರೆ ಕಾಣುತ್ತದೋ ಅಲ್ಲಿ ಆಳ ಕಡಿಮೆ, ಅಲ್ಲಿನ ಅಲೆ ದಡದ ಕಡೆ ಹೋಗುತ್ತದೆ. ದಡಕ್ಕೆ ಸಮಾನಾಂತರವಾಗಿ ಆ ಕಡೆ ಪ್ಯಾಡಲ್ ಮಾಡಿ. ಹತ್ತಾರು ಎಳೆತ ಹಾಕಿದರೂ ಜಾಗ ಬದಲಾಗದಿದ್ದರೆ ಇನ್ನೊಂದು ಕಡೆಗೆ ಪ್ರಯತ್ನಿಸಿ. ನೊರೆ ಸಿಕ್ಕಿದ ಮೇಲೆ ಹೊಟ್ಟೆಯ ಮೇಲೆ ಮಲಗಿಕೊಂಡೇ ಅದರೊಂದಿಗೆ ದಡಕ್ಕೆ ಬನ್ನಿ, ಎದ್ದು ನಿಲ್ಲುವ ಆಸೆ ಬೇಡ. ಶಕ್ತಿ ಇಲ್ಲವೆನ್ನಿಸಿದರೆ ಪ್ಯಾಡಲ್ ನಿಲ್ಲಿಸಿ, ಬೋರ್ಡಿನ ಮೇಲೆ ಕೂತು ಒಂದು ಕೈಯನ್ನು ನೇರ ಮೇಲೆತ್ತಿ ನಿಧಾನ ಬೀಸಿ, ಕೂಗಿ. ಸಹಾಯ ಕೇಳುವುದಕ್ಕೆ ಸಂಕೋಚಪಟ್ಟು ಕಳೆದ ಹತ್ತು ನಿಮಿಷವೇ ಮುಂದೆ ಬೇಕಾಗಿ ಬರುತ್ತದೆ.

ಬೇರೆಯವರು ಮುಳುಗುತ್ತಿದ್ದರೆ

ಮುಳುಗುವವರು ಸಿನಿಮಾದಂತೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಕಣ್ಣು ಎಲ್ಲೋ, ಕೈಗಳು ಏಣಿ ಹತ್ತುವಂತೆ ನೀರನ್ನು ಒತ್ತುತ್ತಿರುತ್ತವೆ. ಅಂಥವರು ಕಂಡರೆ ನಿಮ್ಮ ಅಲೆ, ನಿಮ್ಮ ಸರದಿ ಎಲ್ಲ ಬದಿಗೆ. ದಡದಲ್ಲಿರುವವರಿಗೆ ಕೂಗಿ 112ಕ್ಕೆ ಕರೆ ಮಾಡಿಸಿ. ಕರಾವಳಿ ಕಾವಲು ಪೊಲೀಸರಿಗೆ 1093.

ಹತ್ತಿರ ಹೋದಾಗ ಮೈಗೆ ಕೈ ಕೊಡಬೇಡಿ, ಬೋರ್ಡು ಕೊಡಿ. ಗಾಬರಿಯಾದವರು ಹತ್ತಿರ ಬಂದವರ ಹೆಗಲನ್ನೇ ಹತ್ತುತ್ತಾರೆ. ಬೋರ್ಡನ್ನು ಇಬ್ಬರ ನಡುವೆ ಅಡ್ಡ ತಳ್ಳಿ, "ಇದನ್ನು ಹಿಡ್ಕೊಳ್ಳಿ, ಬಿಡಬೇಡಿ" ಎಂದು ಮತ್ತೆ ಮತ್ತೆ ಹೇಳಿ. ಅವರು ಅದರ ಮೇಲೆ ಒರಗಿದ ಮೇಲೆ ನೀವು ಹಿಂದಿನಿಂದ ಕಾಲು ಬಡಿಯುತ್ತ ದಡದ ಕಡೆ ತಳ್ಳಿ. ಬೋರ್ಡು ಇಲ್ಲದೆ ಯಾರನ್ನೂ ಉಳಿಸಲು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ದಡಕ್ಕೆ ತಂದ ಮೇಲೆ ಉಸಿರಾಡುತ್ತಿದ್ದಾರೆಯೇ ನೋಡಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ನೀರಿನಲ್ಲಿ ಮುಳುಗಿದವರಿಗೆ ಕೊರತೆಯಾಗಿರುವುದು ಗಾಳಿ, ಆದ್ದರಿಂದ ಉಸಿರೇ ಮೊದಲು. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿ, 2 ಉಸಿರು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ.

ಸುತ್ತ ಸೇರಿದವರು ಬೇರೆ ಬೇರೆ ಹೇಳುತ್ತಾರೆ. ಹೊಟ್ಟೆ ಒತ್ತಿ ನೀರು ತೆಗೆಯಿರಿ, ತಲೆಕೆಳಗಾಗಿ ಹಿಡಿದು ತಿರುಗಿಸಿ. ಎರಡೂ ಬೇಡ. ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಮಾತನ್ನು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ತಾಯ್ತಂದೆಯರು ಮಕ್ಕಳ ಮೈಯನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿ ಕಾದಿದ್ದಾರೆ. ಅದರಿಂದ ಯಾವ ಜೀವವೂ ಬರುವುದಿಲ್ಲ. ಗುಂಪಿನಲ್ಲಿ ಯಾರಾದರೂ ಅದನ್ನು ಹೇಳಿದರೆ ಕೈ ನಿಲ್ಲಿಸದೆ "ಬೇಡ" ಎನ್ನಿ.

ಎದ್ದು ಕೂತು ಮಾತಾಡಿದರೂ, ನನಗೇನೂ ಆಗಿಲ್ಲ ಎಂದರೂ, ನೀರು ಕುಡಿದು ಕೆಮ್ಮುತ್ತಿರುವವರನ್ನು ರೂಮಿಗೆ ಕಳಿಸಬೇಡಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಬಿಗಡಾಯಿಸಬಹುದು. ಆಸ್ಪತ್ರೆಗೆ ಕರೆದೊಯ್ದು, ಎಷ್ಟು ಹೊತ್ತು ನೀರಿನಡಿ ಇದ್ದರು, ಪ್ರಜ್ಞೆ ತಪ್ಪಿತ್ತೇ, ತಲೆಗೆ ಬೋರ್ಡು ತಗುಲಿತ್ತೇ ಎಂಬುದನ್ನು ನೋಡಿದವರೇ ವೈದ್ಯರಿಗೆ ಹೇಳಬೇಕು.